ಸುಲೋಚನಾ ಪಾತ್ರಕ್ಕೆ ಬಣ್ಣ ಹಚ್ಚಿದ ಕಥೆ

ಸುಲೋಚನಾ ಬಗ್ಗೆ ನಾಟಕ ಮಾಡ್ತಿದ್ದೀವಿ ಅಂದರೆ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಇಂದ್ರಜಿತುವಿನ ಹೆಂಡತಿನಾ?" 1934ರ ‘ಸತಿ ಸುಲೋಚನಾ’ ಕನ್ನಡದ ಮೊದಲ ಟಾಕಿ ಅಲ್ವಾ, ಹೆಸರು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹಿಂದಿ ಸಿನಿಮಾ ನೋಡಿದವರು ಇನ್ನೊಂದು ಕೇಳುತ್ತಾರೆ: "ತಾಯಿ ಪಾತ್ರ ಮಾಡ್ತಿದ್ರಲ್ಲ, ಅವರಾ?" ಅವರು ಸುಲೋಚನಾ ಲಾಟ್ಕರ್. ಬೇರೆಯವರು.

ನಾನು ಬಣ್ಣ ಹಚ್ಚಬೇಕಾಗಿದ್ದ ಸುಲೋಚನಾ ಅವರ ಮನೆಯ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಹುಟ್ಟಿದವರು, ಬಾಗ್ದಾದಿ ಯಹೂದಿ ಮನೆತನದವರು. ಮೂಕಿ ಚಿತ್ರಗಳ ಕಾಲದಲ್ಲಿ ಬೊಂಬಾಯಿಯ ಅತಿ ದೊಡ್ಡ ತಾರೆ. ನಮ್ಮದು ಬೆಂಗಳೂರಿನ ಒಂದು ಸಣ್ಣ ಹವ್ಯಾಸಿ ತಂಡ. ಹಗಲು ಎಲ್ಲರಿಗೂ ಕೆಲಸ, ಸಂಜೆ ತಾಲೀಮು. ಒಂದು ಗಂಟೆಯ ಏಕವ್ಯಕ್ತಿ ನಾಟಕ, ಪಾತ್ರ ನಿನಗೆ ಅಂತ ನಿರ್ದೇಶಕರು ಹೇಳಿದಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅವರ ಸಿನಿಮಾ ಹುಡುಕಲು ಕೂತೆ.

ಸಿಗಲಿಲ್ಲ. ಅವರನ್ನು ಅವರನ್ನಾಗಿ ಮಾಡಿದ ಒಂದು ಮೂಕಿಯೂ ನನ್ನ ಕೈಗೆ ಬರಲಿಲ್ಲ. 1913ರಿಂದ ಎರಡು ದಶಕದಲ್ಲಿ ನಮ್ಮ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರ ತಯಾರಾದವು. ಪೂರ್ತಿಯಾಗಿಯೋ ತುಂಡಾಗಿಯೋ ಉಳಿದದ್ದು ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆಗಿನ ರೀಲು ನೈಟ್ರೇಟ್‌ನದ್ದು. ಬೆಂಕಿ ಕಡ್ಡಿ ತೋರಿಸಿದರೆ ಸಾಕು, ಭಗ್ ಅನ್ನುತ್ತದೆ. ಸುಮ್ಮನೆ ಡಬ್ಬದಲ್ಲಿಟ್ಟರೂ ನಮ್ಮ ಸೆಕೆಗೆ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಅದರ ಮೇಲೆ ಬೆಳ್ಳಿಯ ಆಸೆ ಬೇರೆ. ಓಡಿ ಮುಗಿದ ರೀಲನ್ನು ತೊಳೆದು ಅದರಲ್ಲಿದ್ದ ಬೆಳ್ಳಿ ತೆಗೆದು ಮಾರುತ್ತಿದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ಸಿನಿಮಾ ಹೋಗಿಯಾಗಿತ್ತು.

ಹಾಗಾಗಿ ನಾನು ಅವರನ್ನು ಮೊದಲ ಸಲ ನೋಡಿದ್ದು 1953ರ ‘ಅನಾರ್ಕಲಿ’ಯಲ್ಲಿ. ನಾಯಕಿ ಬೀನಾ ರಾಯ್. ಸುಲೋಚನಾ ಅನಾರ್ಕಲಿಯನ್ನು ಪ್ರೀತಿಸುವ ರಾಜಕುಮಾರ ಸಲೀಮನ ತಾಯಿ, ರಾಣಿ. ಯೂಟ್ಯೂಬಿನಲ್ಲಿ ನೋಡುತ್ತಾ ಕೂತವಳಿಗೆ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ಇದೇ ಕಥೆಯ 1928ರ ಮೂಕಿಯಲ್ಲಿ ಅನಾರ್ಕಲಿ ಇವರೇ. 1935ರ ಟಾಕಿಯಲ್ಲೂ ಇವರೇ. ಮೂರನೆಯ ಸಲ ಅದೇ ಅರಮನೆಯಲ್ಲಿ ಅತ್ತೆಯಾಗಬೇಕಾದವರ ಜಾಗದಲ್ಲಿ ನಿಂತಿದ್ದಾರೆ. ನಾಟಕಕ್ಕೆ ಬೆನ್ನೆಲುಬು ಇಲ್ಲೇ ಇದೆ ಅಂತ ಅವತ್ತೇ ಅನಿಸಿತು. ಆದರೆ ಅದು ಯಾವ ಥರದ ನಾಟಕ ಅನ್ನುವುದಕ್ಕೆ ನಿರ್ದೇಶಕರಿಗೂ ನನಗೂ ಜಗಳ ನಡೆಯಬೇಕಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟೆಲಿಫೋನ್. ರೂಬಿ ಮೈಯರ್ಸ್ ಸಿನಿಮಾಕ್ಕೆ ಬರುವ ಮುಂಚೆ ಟೆಲಿಫೋನ್ ಆಪರೇಟರ್. ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಬಂದು ಸಿನಿಮಾದಲ್ಲಿ ಮಾಡ್ತೀಯಾ ಅಂತ ಕೇಳಿದಾಗ ಆಗಲ್ಲ ಅಂದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲುವ ಕಾಲವಲ್ಲ ಅದು. ಭವನಾನಿ ಬಿಡಲಿಲ್ಲ, ಕೊನೆಗೆ ಇವರು ಒಪ್ಪಿದರು. 1925ರ ‘ವೀರ್ ಬಾಲಾ’ ಹೊತ್ತಿಗೆ ರೂಬಿ ಸುಲೋಚನಾ ಆಗಿದ್ದರು. ಆಗ ಇದು ಇವರೊಬ್ಬರ ಕಥೆಯೂ ಅಲ್ಲ. ರೆನೀ ಸ್ಮಿತ್ ಸೀತಾದೇವಿ ಆದರು, ಐರಿಸ್ ಗ್ಯಾಸ್ಪರ್ ಸಬಿತಾದೇವಿ ಆದರು. ನಮ್ಮ ಮನೆಗಳ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ, ಆಂಗ್ಲೋ ಇಂಡಿಯನ್, ಯಹೂದಿ ಮನೆಗಳ ಹುಡುಗಿಯರು ಬಂದರು. ಪರದೆ ಮೇಲೆ ಮಾತಿಲ್ಲದ್ದರಿಂದ ಭಾಷೆ ಅಡ್ಡ ಬರಲಿಲ್ಲ.

ಆಪರೇಟರ್ ಆಗಿ ಹೇಗೆ ಕೂರಬೇಕು, ಕೈ ಎಲ್ಲಿಗೆ ಹೋಗಬೇಕು, ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮನೆಯಲ್ಲೇ ಇದ್ದರು. ನಮ್ಮ ದೊಡ್ಡಮ್ಮ ಟ್ರಂಕ್ ಕಾಲ್ ಕಾಲದಲ್ಲಿ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು.

"ಸುಮ್ನೆ ಫೋನ್ ಎತ್ತಿ ಹಲೋ ಅನ್ನೋದಲ್ಲ ಕಣೇ ಅದು," ಅಂದರು. ಹುರುಳಿಕಾಯಿ ಸೋಸುತ್ತಿದ್ದ ಮೊರವನ್ನು ಪಕ್ಕಕ್ಕೆ ತಳ್ಳಿ, ಊಟದ ಮೇಜನ್ನೇ ಬೋರ್ಡು ಮಾಡಿಕೊಂಡರು. "ಎದುರಿಗೆ ಸಾಲಾಗಿ ತೂತುಗಳು. ಮುಂದೆ ಜೋಡಿ ಜೋಡಿ ವೈರು. ದೀಪ ಹತ್ತಿದ ತಕ್ಷಣ ಹಿಂದಿನ ವೈರು ಚುಚ್ಚು, ನಂಬರ್ ಕೇಳು, ಮುಂದಿನ ವೈರು ಆ ನಂಬರಿಗೆ ಚುಚ್ಚು, ಗಂಟೆ ಕೊಡು. ಬಲಗೈ ಚೀಟಿ ಬರೀತಿರುತ್ತೆ. ಹಿಂದೆ ಸೂಪರ್‌ವೈಸರ್ ಓಡಾಡ್ತಿರ್ತಾಳೆ, ತಿರುಗಿ ನೋಡೋ ಹಾಗಿಲ್ಲ."

ನಾನು ಅದೇ ಥರ ಮಾಡಿ ತೋರಿಸಿದೆ. ದೊಡ್ಡಮ್ಮ ತಲೆ ಅಲ್ಲಾಡಿಸಿದರು. "ನೀನು ವೈರನ್ನ ನೋಡ್ಕೊಂಡು ಚುಚ್ತಿದ್ದೀಯ. ನಾವು ನೋಡ್ತಿರ್ಲಿಲ್ಲ. ಮೊಣಕೈ ಮೇಲೇಳಬಾರದು, ಪಕ್ಕದವಳಿಗೆ ತಗುಲುತ್ತೆ. ಮಣಿಕಟ್ಟಿನಿಂದ ಮಾತ್ರ."

ಮಣಿಕಟ್ಟಿನಿಂದ ಮಾತ್ರ. ಅದೊಂದು ಕೂರಲು ನನಗೆ ಬಹಳ ದಿನ ಹಿಡಿಯಿತು. ದೊಡ್ಡಮ್ಮ ಕೂತದ್ದು 1970ರ ದಶಕದ ಬೋರ್ಡಿನ ಮುಂದೆ, ರೂಬಿ ಕೂತದ್ದು ಅದಕ್ಕೂ 50 ವರ್ಷ ಹಿಂದಿನ ಬೋರ್ಡಿನ ಮುಂದೆ. ಆದರೂ ಜನ ಕೈಯಿಂದ ಜೋಡಿಸುವ ಎಕ್ಸ್‌ಚೇಂಜು ಅಂದಮೇಲೆ ಕೆಲಸದ ಕ್ರಮ ಅದೇ. ಮುಖ ಕಾಣದೆ ಬರೀ ದನಿಯಿಂದ ದುಡಿದವಳು, ಆಮೇಲೆ ದನಿ ಇಲ್ಲದೆ ಬರೀ ಮುಖದಿಂದ ದುಡಿದಳು ಅಂತ ನಿರ್ದೇಶಕರು ಒಂದು ಸಾಲು ಬರೆದಿದ್ದರು. ಅವರಿಗೆ ಅದು ತುಂಬಾ ಇಷ್ಟ. ನನಗೆ ಸ್ವಲ್ಪ ಜಾಸ್ತಿ ನಾಜೂಕು ಅನಿಸಿತು. ಕೈ ಸರಿಯಾಗಿ ಕೂತಮೇಲೆ ಆ ಸಾಲು ಬೇಕಾಗಲಿಲ್ಲ, ಅವರೇ ಹೊಡೆದುಹಾಕಿದರು.

ಮೂಕಿ ನಟನೆ ಅಂದರೆ ಕಣ್ಣು ಅರಳಿಸಿ, ಎದೆ ಮೇಲೆ ಕೈಯಿಟ್ಟು, ಚಕಚಕ ಓಡಾಡುವುದು ಅಂತ ನಮಗೆಲ್ಲ ಒಂದು ಕಲ್ಪನೆ ಇದೆ. ಅರ್ಧ ತಪ್ಪು ಪ್ರೊಜೆಕ್ಟರಿನದ್ದು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 20 ಚಿತ್ರದ ಆಸುಪಾಸು. ಅದನ್ನೇ ಟಾಕಿಯ 24ರ ವೇಗದಲ್ಲಿ ಓಡಿಸಿದರೆ ಮನುಷ್ಯರೆಲ್ಲ ಇರುವೆಗಳ ಹಾಗೆ ಓಡುತ್ತಾರೆ. ಸರಿಯಾದ ವೇಗದಲ್ಲಿ ನೋಡಬೇಕು. ಸುಲೋಚನಾ ಇಲ್ಲದ ಕಾರಣ ನಾನು ನೋಡಿದ್ದು ಅವರ ಜೊತೆಯವರನ್ನು. ಹಿಮಾಂಶು ರಾಯ್ ಮತ್ತು ಜರ್ಮನಿಯ ಫ್ರಾಂಜ್ ಓಸ್ಟನ್ ಸೇರಿ ಮಾಡಿದ ‘ಶಿರಾಜ್’ (1928) ಮತ್ತು ‘ಪ್ರಪಂಚ ಪಾಶ್’ (1929) ಪುಣ್ಯಕ್ಕೆ ಉಳಿದಿವೆ, ಚೊಕ್ಕ ಮಾಡಿದ ಪ್ರತಿಗಳೂ ಬಂದಿವೆ. ಎರಡರಲ್ಲೂ ಸೀತಾದೇವಿ ಇದ್ದಾರೆ. ಆಕೆ ಎಷ್ಟು ಕಡಿಮೆ ಮಾಡುತ್ತಾರೆ ಅಂದರೆ! ‘ಶಿರಾಜ್’ನಲ್ಲಿ ಕೆಟ್ಟ ಯೋಚನೆ ಬಂದಾಗ ಅವರ ಮುಖದಲ್ಲಿ ಏನೂ ಆಗುವುದಿಲ್ಲ, ಗಲ್ಲ ಒಂದಿಷ್ಟು ಮೇಲೇಳುತ್ತದೆ. ಕಂಪನಿ ನಾಟಕ ನೋಡಿಕೊಂಡು ಬೆಳೆದ ನನಗೆ ಅದು ದೊಡ್ಡ ಪಾಠ.

‘ಶಿರಾಜ್’ನಲ್ಲಿ ಮುಮ್ತಾಜ್ ಆದವರು ಏಣಾಕ್ಷಿ ರಾಮರಾವ್. ಆಮೇಲೆ ಇದೇ ಭವನಾನಿಯವರನ್ನು ಮದುವೆಯಾದರು. ಭವನಾನಿ ನಮ್ಮ ಕಡೆಗೂ ಬಂದು ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ (1931) ಅಂತ ಮೂಕಿ ಮಾಡಿದರು. ಏಣಾಕ್ಷಿ ಅದರಲ್ಲಿ ನಾಯಕಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ನಟಿಸಿದ್ದರು. ಕೈಲಾಸಂ ಅವರಿಂದ ಮಾತು ಕಿತ್ತುಕೊಂಡು ಸಿನಿಮಾ ಮಾಡಿದರಲ್ಲ, ಆ ಧೈರ್ಯಕ್ಕೆ ಮೆಚ್ಚಬೇಕು. ಇದನ್ನು ನಾಟಕದೊಳಗೆ ತೂರಿಸಲು ನೋಡಿದೆವು. ಸುಲೋಚನಾ ಕಥೆಗೆ ಅದು ಹೊಂದಲಿಲ್ಲ, ಬಿಟ್ಟೆವು.

ತಾಲೀಮಿನಲ್ಲಿ ಒಂದು ಆಟ ಶುರುವಾಯಿತು. ಮೂಕಿ ಚಿತ್ರೀಕರಣದಲ್ಲಿ ದನಿ ದಾಖಲಾಗುವುದಿಲ್ಲ, ಹಾಗಾಗಿ ನಿರ್ದೇಶಕರು ಕ್ಯಾಮೆರಾ ಓಡುತ್ತಿರುವಾಗಲೇ ಕೂಗಿ ಹೇಳಬಹುದಿತ್ತು: ಬಾ, ನಿಲ್ಲು, ಈಗ ಬಾಗಿಲು ನೋಡು. ನಮ್ಮವರೂ ಹಾಗೇ ಮಾಡಿದರು. ಮೊದಲ ದಿನ ನನಗೆ ಸಿಟ್ಟು ಬಂತು. ಒಳಗಿನಿಂದ ಭಾವ ತಂದುಕೊಂಡು ನಿಂತಿರುವಾಗ ಹಿಂದಿನಿಂದ "ಈಗ ಎಡಕ್ಕೆ! ಕಾಗದ ಬಿತ್ತು! ಎತ್ತಬೇಡ!" ಅಂತ ಕೂಗಿದರೆ ಹೇಗಿರುತ್ತೆ? ಆದರೆ ಸ್ವಲ್ಪ ದಿನಕ್ಕೆ ಅದೇ ಹಿತ ಅನಿಸತೊಡಗಿತು. ಯೋಚನೆಗೆ ಪುರುಸೊತ್ತೇ ಇಲ್ಲ. ಹೇಳಿದ ಕ್ಷಣ ದೇಹ ತಿರುಗಬೇಕು. ಬಾಯಲ್ಲಿ ಏನು ಬೇಕಾದರೂ ಆಡಬಹುದು. ವಿರಹದ ದೃಶ್ಯದಲ್ಲಿ ನಾನು ಮೆಲ್ಲಗೆ ಮಾರನೇ ದಿನದ ತರಕಾರಿ ಪಟ್ಟಿ ಹೇಳಿಕೊಳ್ಳುತ್ತಿದ್ದೆ, ಎದುರಿಗೆ ಕೂತ ಹುಡುಗ ಕಣ್ಣೊರೆಸಿಕೊಂಡ.

ಬಣ್ಣದ ವಿಷಯ ಇನ್ನೂ ಮಜಾ. ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣಿಸುವುದಿಲ್ಲ. ಕೆಂಪು ಅಂದರೆ ಅದಕ್ಕೆ ಕಪ್ಪು. ಓದಿದರೆ ನಂಬಿಕೆ ಬರಲ್ಲ ಅಂತ ಮೇಕಪ್ ಮಾಡುವ ಗೆಳತಿ ಫೋನಿನಲ್ಲಿ ನನ್ನ ಫೋಟೊ ತೆಗೆದು, ಎಡಿಟ್ ಮಾಡುವ ಆ್ಯಪಿನಲ್ಲಿ ಕಪ್ಪು ಬಿಳುಪು ಮಾಡಿ, ಕೆಂಪಿನ ಗೆರೆಯನ್ನು ಪೂರ್ತಿ ಕೆಳಗಿಳಿಸಿದಳು. ಹಣೆಯ ಕುಂಕುಮ ಇದ್ದಿಲ ಚುಕ್ಕೆ ಆಯಿತು. ತುಟಿಗೆ ಮಸಿ ಬಳಿದ ಹಾಗೆ. ಕೆನ್ನೆಯ ಮೇಲೆ ನನಗೇ ಗೊತ್ತಿರದ ಕಲೆಗಳೆಲ್ಲ ಎದ್ದವು. ಬೆನ್ನ ಹಿಂದಿನ ನೀಲಿ ಗೋಡೆ ಬೆಳ್ಳಗಾಗಿತ್ತು. ಅದಕ್ಕೇ ಆಗಿನವರು ಮುಖಕ್ಕೆ ದಪ್ಪ ಬಿಳಿ ಬಳಿಯುತ್ತಿದ್ದದ್ದು, ತುಟಿಯ ಕೆಂಪು ಹತೋಟಿಯಲ್ಲಿ ಇಡುತ್ತಿದ್ದದ್ದು. ಹಳೆಯ ಫೋಟೊಗಳಲ್ಲಿ ಸುಲೋಚನಾರ ತಿಳಿಗಣ್ಣು ಅಷ್ಟು ಹೊಳೆಯುವುದಕ್ಕೂ ಈ ಫಿಲ್ಮಿನ ಸಹಾಯ ಇದ್ದಿರಬೇಕು. ನಮ್ಮ ನಾಟಕದಲ್ಲಿ ಬೆಳಕಿನವರು ಇದನ್ನೇ ಹಿಡಿದುಕೊಂಡರು. ಮೂಕಿ ದೃಶ್ಯಗಳಿಗೆ ಹಸಿರು ಮಿಶ್ರ ನೀಲಿ ಬೆಳಕು. ಕೆಂಪು ಸೀರೆ ಉಟ್ಟು ಆ ಬೆಳಕಿಗೆ ಬಂದರೆ ಸೀರೆ ಕಪ್ಪಾಗುತ್ತದೆ, ಸಾಮಾನ್ಯ ಬೆಳಕಿಗೆ ಬಂದರೆ ಮತ್ತೆ ಕೆಂಪು.

ಅತಿ ಕಷ್ಟ ಕೊಟ್ಟದ್ದು ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’. 1927ರ ಈ ಚಿತ್ರದಲ್ಲಿ ಸುಲೋಚನಾ ಎಂಟು ಪಾತ್ರ ಮಾಡಿದ್ದರು. ತೋಟದ ಮಾಲಿ, ಪೊಲೀಸ್, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರುವವಳು, ಹೊಂಬಣ್ಣದ ಕೂದಲಿನ ಯೂರೋಪಿನ ಹೆಂಗಸು, ಹೀಗೆ. ಈಗಿನ ನಾಯಕಿಗೂ ಯಾರೂ ಕೊಡದಂಥ ಅವಕಾಶ. ಇದನ್ನು ಒಂದೇ ದೃಶ್ಯದಲ್ಲಿ, ಬ್ಲಾಕೌಟ್ ಇಲ್ಲದೆ, ಜನರ ಎದುರಿಗೇ ಬದಲಾಯಿಸಿಕೊಂಡು ಮಾಡಬೇಕು ಅಂತ ನಾನೇ ಹಠ ಹಿಡಿದೆ. ಸಿನಿಮಾದಲ್ಲಿ ಆಕೆಗೆ ಒಂದು ವೇಷ ಕಳಚಿ ಇನ್ನೊಂದು ಹಾಕಲು ಮಧ್ಯಾಹ್ನವಿಡೀ ಇತ್ತು. ನನಗೆ ಹಾರ್ಮೋನಿಯಂನ ಒಂದು ಸುತ್ತು ಮಾತ್ರ.

ಮಾಲಿಗೆ ಒಂದು ಟವೆಲ್, ಪೊಲೀಸನಿಗೆ ಟೋಪಿ ಮತ್ತು ಬೆಲ್ಟ್, ಸಾಹೇಬನಿಗೆ ಶೇರ್ವಾನಿ. ಶೇರ್ವಾನಿಯ ಗುಂಡಿಗಳು ಕೈ ಕೊಟ್ಟವು. ಶಿವಾಜಿನಗರದ ದರ್ಜಿ ಚಾಚಾ ನೋಡಿ, "ಗುಂಡಿ ಬರೀ ತೋರಿಕೆಗೆ ಇರಲಿ ಬೇಟಿ, ಒಳಗೆ ವೆಲ್ಕ್ರೊ ಹೊಲಿದು ಕೊಡ್ತೀನಿ," ಅಂದರು. ಆದರೆ ವೆಲ್ಕ್ರೊ ಬಿಚ್ಚಿದಾಗ ಬರುವ ಚರ್ರ್ ಶಬ್ದ ಮೂಕಿ ದೃಶ್ಯದಲ್ಲಿ ಇಡೀ ಸಭಾಂಗಣಕ್ಕೆ ಕೇಳುತ್ತದೆ. ಹಾರ್ಮೋನಿಯಂನವರು ಅದೇ ಹೊತ್ತಿಗೆ ಜೋರಾಗಿ ಒಂದು ಸ್ವರ ಒತ್ತಿ ಮುಚ್ಚಿಹಾಕತೊಡಗಿದರು. ಬಾಳೆಹಣ್ಣಿನ ಬುಟ್ಟಿ ಇನ್ನೊಂದು ಕಥೆ. ತಲೆ ಮೇಲೆ ಬುಟ್ಟಿ ಹೊತ್ತವಳು ಕುತ್ತಿಗೆ ತಿರುಗಿಸುವುದಿಲ್ಲ, ಮೈಪೂರ್ತಿ ತಿರುಗುತ್ತಾಳೆ. ಪೊಲೀಸ್ ಕುತ್ತಿಗೆ ಮಾತ್ರ ತಿರುಗಿಸುತ್ತಾನೆ, ಮೈ ಅಲ್ಲ. ಇದೊಂದು ಸಿಕ್ಕಿದ ಮೇಲೆ ವೇಷದ ಚಿಂತೆ ಕಮ್ಮಿಯಾಯಿತು. ಎಂಟು ಜನ ಎಂಟು ಥರ ಹಿಂತಿರುಗಿ ನೋಡುತ್ತಾರೆ, ಅಷ್ಟೇ ದೃಶ್ಯ. ಹೆಚ್ಚು ಚಪ್ಪಾಳೆ ಬೀಳುವುದೂ ಅಲ್ಲೇ.

ಈಗ ಜಗಳದ ವಿಷಯ. ಸುಲೋಚನಾ ಕೊಹಿನೂರ್ ಬಿಟ್ಟು ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಹೋದರು. ‘ಮಾಧುರಿ’, ‘ಅನಾರ್ಕಲಿ’, ‘ಇಂದಿರಾ ಬಿ.ಎ.’ ಎಲ್ಲ ಅಲ್ಲಿಯವು. ‘ಮಾಧುರಿ’ಯ ಅವರ ನೃತ್ಯ ಎಷ್ಟು ಹೆಸರಾಗಿತ್ತು ಅಂದರೆ, ಗಾಂಧೀಜಿ ಖಾದಿ ಪ್ರದರ್ಶನ ಉದ್ಘಾಟಿಸಿದ ಕಿರುಚಿತ್ರವೊಂದಕ್ಕೆ ಅದನ್ನು ಶಬ್ದ ಸೇರಿಸಿ ಅಂಟಿಸಿದ್ದರು. ಅದೇ ಇರಾನಿ 1931ರ ಮಾರ್ಚ್ 14ಕ್ಕೆ ಮಜೆಸ್ಟಿಕ್‌ನಲ್ಲಿ (ನಮ್ಮದಲ್ಲ, ಬೊಂಬಾಯಿಯದು) ದೇಶದ ಮೊದಲ ಟಾಕಿ ‘ಆಲಂ ಆರಾ’ ಬಿಡುಗಡೆ ಮಾಡಿದರು. ನಾಯಕಿ ಜುಬೇದಾ. ಸ್ವಂತ ಕಂಪನಿಯ ಅತಿ ದೊಡ್ಡ ತಾರೆಗೆ ಪಾತ್ರ ಸಿಗಲಿಲ್ಲ, ಯಾಕೆಂದರೆ ಅವರಿಗೆ ಹಿಂದೂಸ್ತಾನಿ ಸರಾಗ ಬರುತ್ತಿರಲಿಲ್ಲ.

ನಿರ್ದೇಶಕರ ಪ್ರಕಾರ ಇದು ದುರಂತದ ತಿರುವು. ದೀಪ ಮಂಕಾಗಬೇಕು, ನಾನು ಕನ್ನಡಿ ಮುಂದೆ ಕುಸಿಯಬೇಕು, ಬಾಯಿ ತೆರೆದರೂ ದನಿ ಬರಬಾರದು. ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮುಂದೆ ನಡೆದದ್ದೇನು? ಅವರು ಒಂದು ವರ್ಷ ಕೂತು ಭಾಷೆ ಕಲಿತರು. 1932ರಲ್ಲಿ ‘ಮಾಧುರಿ’ಯನ್ನೇ ಟಾಕಿಯಾಗಿ ಮಾಡಿಕೊಂಡು ಬಂದರು. ಆಮೇಲೆ ತಮ್ಮ ಮೂಕಿ ಹಿಟ್‌ಗಳನ್ನೇ ಒಂದೊಂದಾಗಿ ಮತ್ತೆ ಮಾಡಿದರು. ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು. ನನಗಂತೂ ಆ ಹೆಸರು ಕೇಳಿದರೆ ಇವತ್ತಿಗೂ ನಗು ಬರುತ್ತೆ, ಎಷ್ಟು ಠೀವಿ! 1935ಕ್ಕೆ ‘ಅನಾರ್ಕಲಿ’, 1936ಕ್ಕೆ ವೈಲ್ಡ್‌ಕ್ಯಾಟ್ ‘ಬಂಬಯಿ ಕೀ ಬಿಲ್ಲಿ’ ಆಗಿ ಬಂತು. ಜೊತೆಗೆ ಡಿ. ಬಿಲಿಮೋರಿಯಾ ಎಂಬ ನಾಯಕನಟ. ರೂಬಿ ಪಿಕ್ಸ್ ಅಂತ ತಮ್ಮದೇ ಕಂಪನಿಯನ್ನೂ ಕಟ್ಟಿದರು. ಇದರಲ್ಲಿ ಕನ್ನಡಿ ಮುಂದೆ ಕುಸಿಯುವ ಹೆಂಗಸು ಎಲ್ಲಿದ್ದಾಳೆ ಸರ್, ಅಂತ ಕೇಳಿದೆ. "ನಾಟಕ ಅಂದ್ಮೇಲೆ ಒಂದು ಪತನ ಬೇಕಲ್ಲಮ್ಮ," ಅಂದರು. "ಪತನ ಬೇಕಾದ್ರೆ ಇನ್ನೊಬ್ಬರ ಕಥೆ ತಗೊಳ್ಳಿ," ಅಂದೆ. ತಾಲೀಮು ಆವತ್ತು ಅಲ್ಲಿಗೇ ನಿಂತಿತು.

ಕೊನೆಗೆ ಆ ದೃಶ್ಯ ಪಾಠದ ದೃಶ್ಯವಾಯಿತು. ಅದಕ್ಕೆ ನಾನೂ ಪಾಠ ಹೇಳಿಸಿಕೊಳ್ಳಬೇಕಾಯಿತು. ಗುರು ಅದೇ ದರ್ಜಿ ಚಾಚಾ. ಹೊಲಿಗೆ ಮಿಷನ್ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಸಂಭಾಷಣೆ ಒಪ್ಪಿಸುತ್ತಿದ್ದೆ. "ಗಮ್" ಅಂದರೆ ಅವರು ಕಾಲು ತುಳಿಯುವುದು ನಿಲ್ಲಿಸಿ, "ಅಂಟು ಅಲ್ಲ ಬೇಟಿ, ದುಃಖ. ಗಂಟಲಿಂದ ತಗೋ," ಅನ್ನುತ್ತಿದ್ದರು. ಗಂಟಲು ಕೆರೆದು ಕೆರೆದು ಕೆಮ್ಮು ಬರುತ್ತಿತ್ತು. ನಾಟಕದಲ್ಲಿ ಈಗ ಇರುವುದು ಅದೇ ಕೆಮ್ಮು. ರಾಣಿಯ ವೇಷದಲ್ಲಿರುವ ತಾರೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ, ಕೆಮ್ಮಿ, ನೀರು ಕುಡಿದು, ಮತ್ತೆ ಹೇಳುತ್ತಾಳೆ.

ಇನ್ನೊಂದು ಸಾಲನ್ನೂ ಕಿತ್ತುಹಾಕಿಸಿದೆ. ಸುಲೋಚನಾ ಸಂಬಳ ತಿಂಗಳಿಗೆ 5,000 ರೂಪಾಯಿ, ಬೊಂಬಾಯಿಯ ಗವರ್ನರ್‌ಗಿಂತ ಜಾಸ್ತಿ ಅಂತ ಎಲ್ಲ ಕಡೆ ಬರೆಯುತ್ತಾರೆ. ಗವರ್ನರ್‌ಗೆ ಆಗ ವರ್ಷಕ್ಕೆ ಲಕ್ಷ ರೂಪಾಯಿ ಮೀರಿ ಸಂಬಳ. 5,000ವನ್ನು 12ರಿಂದ ಗುಣಿಸಿದರೆ 60,000. ಗವರ್ನರ್ ಹೋಲಿಕೆ ಇಲ್ಲದಿದ್ದರೂ ಅದು ಕಣ್ಣು ಕುಕ್ಕುವ ದುಡ್ಡೇ ಅಲ್ವಾ? ಸುಳ್ಳು ಯಾಕೆ ಬೇಕು? ಅವರ ಹತ್ತಿರ ಷೆವ್ರೊಲೆ ಕಾರಿತ್ತು ಅನ್ನುವ ಸಾಲು ಮಾತ್ರ ಉಳಿಸಿಕೊಂಡೆವು.

1940ರ ಹೊತ್ತಿಗೆ ನಾಯಕಿ ಪಾತ್ರಗಳು ನಿಂತವು, ಇದು ನಿಜ. ಹೊಸ ಹುಡುಗಿಯರು ಬಂದಿದ್ದರು, ಹಾಡಬಲ್ಲವರು ಬಂದಿದ್ದರು. ಇವರು ಸಣ್ಣ ಪಾತ್ರಗಳಿಗೆ ಬಂದರು. 1947ರ ‘ಜುಗ್ನು’ವಿನಲ್ಲಿ ಇದ್ದಾರೆ, 1975ರ ‘ಜೂಲಿ’ಯಲ್ಲೂ ಇದ್ದಾರೆ. ಮೊದಲ ಚಿತ್ರದಿಂದ ಲೆಕ್ಕ ಹಾಕಿದರೆ 50 ವರ್ಷ. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. 1983ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಕೊನೆಯ ದೃಶ್ಯ ಮೂರು ಅನಾರ್ಕಲಿಗಳದ್ದು. ಮೊದಲು ನೀಲಿ ಬೆಳಕಿನಲ್ಲಿ ಮಾತಿಲ್ಲದ ಅನಾರ್ಕಲಿ. ಆಮೇಲೆ ಗಂಟಲಿಂದ ಮಾತು ತೆಗೆಯುವ ಅನಾರ್ಕಲಿ. ಆಮೇಲೆ ಅದೇ ಸೀರೆಯ ಸೆರಗು ತಲೆ ಮೇಲೆ ಹೊದ್ದು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತಾಯಿ. ಸರಿದ ಜಾಗದಲ್ಲಿ ಯಾರೂ ಇರುವುದಿಲ್ಲ, ಆದರೆ ನಾನು ಅಲ್ಲಿ ಇನ್ನೊಬ್ಬ ನಟಿ ಇದ್ದಾಳೆ ಅನ್ನುವ ಹಾಗೆ ನೋಡಬೇಕು. ನಿರ್ದೇಶಕರು ಅಸೂಯೆ ಬರಲಿ ಅಂದಿದ್ದರು. ನಾನು ಮಾಡುವುದು ಬೇರೆ: ಹೊಸಬಳು ಗುರುತಿನ ಮೇಲೆ ಸರಿಯಾಗಿ ನಿಂತಿದ್ದಾಳಾ, ಅವಳ ಮುಖಕ್ಕೆ ಬೆಳಕು ಬೀಳ್ತಿದೆಯಾ ಅಂತ ನೋಡುತ್ತೇನೆ. ಕೆಲಸ ಬಲ್ಲವರು ಹಾಗೇ ನೋಡುವುದು.

ಮೊದಲ ಪ್ರದರ್ಶನಕ್ಕೆ ದೊಡ್ಡಮ್ಮ ಬಂದಿದ್ದರು. ನಾಟಕ ಹೇಗಿತ್ತು ಅಂದರೆ, "ಎಡಗೈ ಮೊಣಕೈ ಒಂದ್ಸಲ ಮೇಲೆದ್ದಿತ್ತು," ಅಂದರು. ಮುಂದಿನ ತಿಂಗಳು ಮೈಸೂರಿನಲ್ಲಿ ಇದೆ. ಗಂಟೆ ಮೀರುತ್ತಿದೆ, ಪ್ರಶಸ್ತಿಯ ದೃಶ್ಯ ತೆಗೆಯೋಣ ಅಂತ ನಿರ್ದೇಶಕರು. ಪ್ರಶಸ್ತಿ ಬೇಕಾದರೆ ಹೋಗಲಿ, ಎಂಟು ಪಾತ್ರಗಳಲ್ಲಿ ಒಂದನ್ನೂ ಬಿಡಲ್ಲ ಅಂತ ಹೇಳಿದ್ದೇನೆ. ಚಾಚಾ ಶೇರ್ವಾನಿಗೆ ವೆಲ್ಕ್ರೊ ಬದಲು ಟಿಚ್ ಬಟನ್ ಹಾಕಿಕೊಡುತ್ತಿದ್ದಾರೆ.